ಕೇಬಲ್ ಎಳೆಯುತ್ತಿದ್ದ ಮೇಡಂ

ನಮ್ಮ ಮೇಡಂ ತೀರಿಕೊಂಡ ಮೇಲೆ ಮಧುಗಿರಿಯಲ್ಲಿ ಟ್ರಸ್ಟಿನವರು ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಅವರ ಜೊತೆ ಹೆಚ್ಚು ಕಾಲ ಕೆಲಸ ಮಾಡಿದವನು ನಾನೇ ಆದ್ದರಿಂದ ಮಾತಾಡುವ ಸರದಿ ನನಗೆ ಬಂತು. ಹಿಂದಿನ ದಿನವೇ ಸಿದ್ಧತೆ ಮಾಡಿಕೊಂಡಿದ್ದೆ. ಅದೇ ತಪ್ಪಾಯಿತು. ಒಂದು ಸರ್ವರ್ ನಿಂತರೆ ಇನ್ನೊಂದು ಹೇಗೆ ಕೆಲಸ ವಹಿಸಿಕೊಳ್ಳುತ್ತದೆ, ಆ ವ್ಯವಸ್ಥೆಯನ್ನು ಮೇಡಂ ನಾಲ್ಕೂ ಊರಿಗೆ ಹೇಗೆ ಕೂರಿಸಿದರು ಎಂದು ಕೈಯಾಡಿಸಿ ವಿವರಿಸಿದೆ. ಅಳುವುದಕ್ಕೆಂದೇ ಬಂದಿದ್ದ ಮುಂದಿನ ಸಾಲಿನ ನರ್ಸುಗಳು ಕರ್ಚೀಫನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತರು. ಕೊನೆಗೆ ಟ್ರಸ್ಟಿನ ಅಧ್ಯಕ್ಷರು ಎದ್ದು, ನನ್ನ ಭಾಷಣದ ಸಾರ ಹಿಡಿದವರಂತೆ, "ಜೀವನಪೂರ್ತಿ ಸ್ಟ್ಯಾಂಡ್‌ಬೈ ಆಗಿ ದುಡಿದ ತಾಯಿ" ಎಂದು ಹೇಳಿ ಮೌನ ಆಚರಿಸಿದರು. ಮೇಡಂ ಇದ್ದಿದ್ದರೆ ಆ ಮೌನದ ಉದ್ದಕ್ಕೂ ನಗುತ್ತಿದ್ದರು.

ಅವರು ಹಾಗೆ ಯಾರ ಹಿಂದೆಯೂ ನಿಂತವರಲ್ಲ. ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಮಾಡುವ ನಮ್ಮ ಟ್ರಸ್ಟಿನ ಕೇಂದ್ರಗಳು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಊರಲ್ಲಿವೆ. ಮಧುಗಿರಿಯಲ್ಲಿ ಕುರ್ಚಿ ಸಿಗದವರು ಕೊರಟಗೆರೆಗೆ ಹೋಗುತ್ತಾರೆ. ಮಗಳ ಬಾಣಂತನಕ್ಕೆಂದು ಶಿರಾದಲ್ಲಿ ಉಳಿದವರು ಅಲ್ಲೇ ಕೂರುತ್ತಾರೆ. ಯಾರು ಎಲ್ಲಿ ಕೂತರೂ ಅವರ ತೂಕ, ಔಷಧಿ, ಸೋಂಕಿನ ವಿವರ ಅಲ್ಲಿನ ಪರದೆಯಲ್ಲಿ ಕಾಣಬೇಕು. ಆ ಕಾಣಿಸುವ ಕೆಲಸ ಮೇಡಂದು. ವೈ.ಎನ್.ಹೊಸಕೋಟೆಯ ಮೇಷ್ಟರ ಮಗಳು. ಬಿಎಸ್ಸಿ ಮಾಡಿ, ಎಷ್ಟೋ ವರ್ಷ ಬೇರೆ ಬೇರೆ ಕಡೆ ಡೇಟಾಬೇಸುಗಳನ್ನು ನೋಡಿಕೊಂಡು, ಮಧುಗಿರಿಯಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು. ಕಾಟನ್ ಸೀರೆ, ಅದರ ಕೆಳಗೆ ಓಡುವವರು ಹಾಕುವಂಥ ದೊಡ್ಡ ಬಿಳಿ ಶೂ, ಮಣಿಕಟ್ಟಿನ ಒಳಮುಖಕ್ಕೆ ಕಟ್ಟಿದ ಗಡಿಯಾರ. ಕೈಚೀಲದಲ್ಲಿ ಹುರಿದ ಕಡಲೇಕಾಯಿ. ಸಿಟ್ಟು ಬಂದಾಗ ಮಾತ್ರ ತೆಲುಗು.

ನಾನು ಅವರ ಕೈಕೆಳಗೆ ಸೇರಿದ್ದು, ಅವರು ನನ್ನ ಕೈಕೆಳಗೆ ಇರಬೇಕಾಗಿತ್ತು ಎಂಬ ಭಾವನೆಯಿಂದ. ನನ್ನ ಬಳಿ ಸರ್ಟಿಫಿಕೇಟುಗಳಿದ್ದವು. ಅವನ್ನು ಚೌಕಟ್ಟು ಹಾಕಿಸಿ ತಂದಿದ್ದೆ. ಕೋಣೆಯ ಬಾಗಿಲಿಗೆ 'ಡೇಟಾಬೇಸ್ ಆರ್ಕಿಟೆಕ್ಟ್' ಎಂದು ಬೋರ್ಡು ಹಾಕಿಕೊಂಡೆ. ಮೊದಲ ವಾರದಲ್ಲೇ ರೋಗಿಯ ಕಡೆಯವರೊಬ್ಬರು ಮನೆ ಪ್ಲಾನ್ ಬರೆಸಲು ಬಂದರು. ಮೇಡಂ ಅವರಿಗೆ ಟೀ ತರಿಸಿಕೊಟ್ಟು, ಮುಖದ ಗೆರೆ ಅಲುಗದಂತೆ, "ಒಳಗವ್ರೆ, ಹೋಗಿ. ಒಳ್ಳೇ ಇಂಜಿನಿಯರು. ಅಡಿಗೆ ಮನೆ ಯಾವ ಮೂಲೆಗೆ ಬರಬೇಕು ಅಂತ ಸರಿಯಾಗಿ ಕೇಳ್ಕಳಿ" ಎಂದು ನನ್ನ ಬಳಿ ಕಳಿಸಿದರು. ಮರುದಿನ ಬೋರ್ಡು ತೆಗೆದೆ.

ಆಗ ನಮ್ಮಲ್ಲಿ ಎರಡು ಸರ್ವರ್ ಇದ್ದವು. ಮಧುಗಿರಿಯದು ಮುಖ್ಯ, ಶಿರಾದ್ದು ಅದರ ಪ್ರತಿಯನ್ನು ಕ್ಷಣಕ್ಷಣಕ್ಕೂ ಬರೆದುಕೊಳ್ಳುವಂಥದ್ದು. ಕೇಂದ್ರಗಳ ಕಂಪ್ಯೂಟರುಗಳು ಡೇಟಾಬೇಸನ್ನು ಹುಡುಕಿಕೊಂಡು ಹೋಗಲು ಒಂದು ವಿಳಾಸದ ಸಾಲು ಇರುತ್ತದೆ. ಆ ಸಾಲಿನಲ್ಲಿ ಮಧುಗಿರಿಯ ಹೆಸರೊಂದೇ ಇತ್ತು. ನಾನು ಅಲ್ಪವಿರಾಮ ಹಾಕಿ ಶಿರಾದ ಹೆಸರನ್ನೂ ಬರೆದೆ. ಒಂದು ಸಿಗದಿದ್ದರೆ ಇನ್ನೊಂದಕ್ಕೆ ಹೋಗಲಿ ಎಂದು. ಆ ಅಲ್ಪವಿರಾಮವನ್ನು ವಿವರಿಸಲು ಬಣ್ಣಬಣ್ಣದ ಬಾಣಗಳಿದ್ದ ಸ್ಲೈಡುಗಳನ್ನು ಮಾಡಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಮೇಡಂ ಪೂರ್ತಿ ಕೇಳಿದರು.

"ಕೆಲಸ ಮಾಡ್ತಾ?" ಎಂದರು.

"ಮಾಡುತ್ತೆ ಮೇಡಂ."

"ಮಾಡುತ್ತೆ ಅನ್ನೋದು ಬೇಡ. ಮಾಡ್ತಾ?"

"ಟೆಸ್ಟ್ ಮಾಡಿದೀನಿ. ಮಧುಗಿರಿ ಸರ್ವರ್ ನಿಲ್ಲಿಸಿದೆ, ತಕ್ಷಣ ಶಿರಾಕ್ಕೆ ಹೋಯ್ತು."

"ಯಂಗೆ ನಿಲ್ಲಿಸಿದೆ?"

"ಸ್ಟಾಪ್ ಕಮ್ಯಾಂಡ್ ಕೊಟ್ಟೆ."

ಅವರು ಎದ್ದು ಪಕ್ಕದ ಸರ್ವರ್ ಕೋಣೆಗೆ ಹೋದರು. ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ ಒಂದು ಗಳಿಗೆ ನಿಂತರು. ಆಮೇಲೆ ಹಿಂದೆ ಕೈ ಹಾಕಿ ಸರ್ವರಿನ ನೆಟ್‌ವರ್ಕ್ ಕೇಬಲ್ ಎಳೆದು ಹೊರಗೆ ಹಾಕಿದರು.

ವಾಪಸ್ ಬಂದು ನನ್ನ ಪರದೆಯ ಮುಂದೆ ಕೂತು ಕಡಲೇಕಾಯಿ ಸುಲಿಯತೊಡಗಿದರು. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಿತ್ತು. ತಿರುಗುತ್ತಲೇ ಇತ್ತು. "ಈಗ ಹೋಗುತ್ತೆ ಮೇಡಂ" ಎಂದೆ. ಅವರು ಒಂದಿಷ್ಟು ಬೀಜ ನನ್ನ ಕೈಗೂ ಹಾಕಿದರು. ನಾನು ತಿಂದೆ. ಗೋಡೆಯ ಮೇಲಿನ ಸ್ಲೈಡಿನಲ್ಲಿ ಹಸಿರು ಬಾಣ ಇನ್ನೂ ಮಿನುಗುತ್ತಿತ್ತು. ಮೇಜಿನ ಮೇಲೆ ಸಿಪ್ಪೆಯ ಗುಡ್ಡೆ ಬೆಳೆದು, ನನ್ನ ಬೆನ್ನು ಪೂರ್ತಿ ಒದ್ದೆಯಾದ ಮೇಲೆ ಕೊನೆಗೂ ಸಂಪರ್ಕ ಸಿಗಲಿಲ್ಲ ಎಂಬ ಸಂದೇಶ ಬಂತು.

"ಏಮಯ್ಯಾ, ಚೂಸ್ತಿವಾ?" ಎಂದರು. ನೋಡಿದೆಯಾ ಎಂದು. ಆಮೇಲೆ ಸಮಾಧಾನವಾಗಿ ಹೇಳಿದರು: "ನೀನು ಅದಕ್ಕೆ ಹೇಳಿ ನಿಲ್ಲಿಸಿದೆ. ಅದೂ ಮರ್ಯಾದಸ್ಥ, ಎಲ್ಲರಿಗೂ ಬಾಗಿಲು ಹಾಕ್ತೀನಿ ಅಂತ ತಿಳಿಸಿ ನಿಂತ್ಕಂತು. ಕೇಬಲ್ ಕಿತ್ತೋದ್ರೆ ಯಾರಿಗೂ ಹೇಳಲ್ಲ. ಈ ಕಡೆಯೋರು ಇನ್ನೂ ಉತ್ತರ ಬರುತ್ತೆ ಅಂತ ಕಾಯ್ತಾ ಇರ್ತಾರೆ. ಎಷ್ಟೊತ್ತು ಕಾಯ್ಬೇಕು ಅಂತ ಬರೆದಿದೀಯಾ?"

ಬರೆದಿರಲಿಲ್ಲ. ಆ ಸಾಲಿನಲ್ಲಿ ಹೆಸರುಗಳಷ್ಟೇ ಇದ್ದವು. ಎಷ್ಟು ಹೊತ್ತು ಕಾದು ಕೈಬಿಡಬೇಕು ಎಂಬುದು ಇರಲಿಲ್ಲ. ಮೊದಲೇ ತೆರೆದಿಟ್ಟುಕೊಂಡ ಸಂಪರ್ಕಗಳಲ್ಲಿ ಸತ್ತವು ಯಾವುವು ಎಂದು ಆಗಾಗ ತಟ್ಟಿ ನೋಡುವ ಏರ್ಪಾಡೂ ಇರಲಿಲ್ಲ. ಎಲ್ಲ ಸರಿಪಡಿಸುವುದಕ್ಕೆ ಒಂದು ವಾರ ಹಿಡಿಯಿತು. ಅಂದಿನಿಂದ ತಿಂಗಳಿಗೊಮ್ಮೆ, ಕೇಂದ್ರಗಳಲ್ಲಿ ಜನ ಕೂತಿರುವ ಹಗಲು ಹೊತ್ತಲ್ಲೇ ಕೇಬಲ್ ಎಳೆಯುವುದು ನಮ್ಮ ಪದ್ಧತಿಯಾಯಿತು. ಖಾಲಿ ಇರುವ ಭಾನುವಾರ ಮಾಡೋಣ ಎಂದಿದ್ದೆ. "ಭಾನುವಾರ ನೋಡ್ಕಂಡು ಕೆಡುತ್ತಾ ಅದು?" ಎಂದು ಕೇಳಿದ್ದರು.

ನಾನು ಇಷ್ಟಕ್ಕೇ ಬುದ್ಧಿ ಕಲಿಯುವವನಲ್ಲ. ಶಿರಾದ ಸರ್ವರ್ ಸುಮ್ಮನೆ ಪ್ರತಿ ಬರೆದುಕೊಂಡು ಕೂತಿರುತ್ತದೆ, ಮಧುಗಿರಿಯದು ಮಾತ್ರ ಏದುಸಿರು ಬಿಡುತ್ತದೆ ಎಂಬುದು ನನಗೆ ಅನ್ಯಾಯವಾಗಿ ಕಂಡಿತು. ಮೇಡಂ ರಜೆಯಲ್ಲಿದ್ದಾಗ ಭಾರ ಹಂಚಿದೆ: ಬರೆಯುವುದು ಮಧುಗಿರಿಗೆ, ಓದುವುದೆಲ್ಲ ಶಿರಾಕ್ಕೆ. ಕೆಲಸ ಚುರುಕಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಊಟಕ್ಕೆ ಹೋದೆ.

ಬರುವಷ್ಟರಲ್ಲಿ ಕೊರಟಗೆರೆಯಿಂದ ಲಕ್ಷ್ಮೀದೇವಿ ಸಿಸ್ಟರ್ ಫೋನು. ಹನುಮಂತರಾಯಪ್ಪ ಎಂಬ ಹೊಸ ರೋಗಿಯನ್ನು ನೋಂದಾಯಿಸಿದ್ದರು. ಉಳಿಸಿದ ಮರುಕ್ಷಣ ಪಟ್ಟಿ ನೋಡಿದರೆ ಅವರ ಹೆಸರಿಲ್ಲ. ಹೆಸರು ಬರೆದದ್ದು ಮಧುಗಿರಿಯಲ್ಲಿ, ಹುಡುಕಿದ್ದು ಶಿರಾದಲ್ಲಿ. ಅಂದು ಲೈನ್ ನಿಧಾನವಿದ್ದು ಶಿರಾಕ್ಕೆ ಪ್ರತಿ ಇನ್ನೂ ಮುಟ್ಟಿರಲಿಲ್ಲ. ಸಿಸ್ಟರ್ ಮತ್ತೆ ನೋಂದಾಯಿಸಿದರು. ಮತ್ತೂ ಇಲ್ಲ. ಮತ್ತೊಮ್ಮೆ. ಮೂವರು ಹನುಮಂತರಾಯಪ್ಪಂದಿರಿಗೂ ವ್ಯವಸ್ಥೆ ತಲಾ ಒಂದು ಕುರ್ಚಿ ಹಂಚಿ, ಮಧ್ಯಾಹ್ನ ಬರಬೇಕಿದ್ದ ಇಬ್ಬರಿಗೆ ಜಾಗವಿಲ್ಲ ಎಂದು ಸಂದೇಶ ಕಳಿಸಿತು. ಆ ಇಬ್ಬರನ್ನು ಫೋನ್ ಮಾಡಿ ಕರೆಸಿಕೊಳ್ಳುವಷ್ಟರಲ್ಲಿ ಸಿಸ್ಟರ್‌ಗೆ ಸಾಕುಸಾಕಾಗಿತ್ತು.

ಮರುದಿನ ಮೇಡಂ ನನ್ನನ್ನು ಬಸ್ಸಿನಲ್ಲಿ ಕೊರಟಗೆರೆಗೆ ಕರೆದುಕೊಂಡು ಹೋದರು. ಬೈಯಲಿಲ್ಲ. ಹನುಮಂತರಾಯಪ್ಪನವರ ಮುಂದೆ ನಿಲ್ಲಿಸಿ, "ನೋಡ್ರಪ್ಪ, ನಿಮ್ಮನ್ನ ಮೂರು ಜನ ಮಾಡಿದ್ದು ಇವನೇ" ಎಂದರು.

ಮುದುಕರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಮೂರು ಜನ ಆಗಾದಾದ್ರೆ ಆಗ್ಲಿ ಬುಡಿ ಮೇಡಮ್ಮೋರೆ. ಸೂಜಿ ಮಾತ್ರ ಆ ಇಬ್ರಿಗೆ ಚುಚ್ಚಿ, ನಾನು ಮನೆಗೋಗ್ತೀನಿ" ಎಂದರು.

ವಾಪಸು ಬರುವಾಗ ಮೇಡಂ ಹೇಳಿದ್ದಿಷ್ಟು: ಈಗ ತಾನೇ ಬರೆದವರು ಅದನ್ನು ಓದುವುದೂ ಬರೆದ ಕಡೆಯೇ ಆಗಬೇಕು, ತಿಂಗಳ ವರದಿ, ಹಳೆಯ ಲೆಕ್ಕ, ಇಂಥ ನಿಧಾನದ ಓದುಗಳನ್ನು ಶಿರಾಕ್ಕೆ ಕಳಿಸು. ನಾನು ಮಾಡಿದ ಭಾರ ಹಂಚಿಕೆ ತಪ್ಪಲ್ಲ, ಯಾರ ಭಾರ ಯಾವುದು ಎಂದು ನೋಡದೆ ಹಂಚಿದ್ದು ತಪ್ಪು. ಇದನ್ನು ಹೇಳಿ ಕಿಟಕಿಗೆ ತಲೆಯಿಟ್ಟು ಮಧುಗಿರಿ ಬರುವವರೆಗೂ ನಿದ್ದೆ ಮಾಡಿದರು. ಆಗೆಲ್ಲ ಅವರು ಬಸ್ಸಿನಲ್ಲಿ ಕೂತ ತಕ್ಷಣ ನಿದ್ದೆ ಹೋಗುತ್ತಿದ್ದರು. ವಯಸ್ಸು ಎಂದುಕೊಂಡಿದ್ದೆ.

ನಮ್ಮಿಬ್ಬರ ದೊಡ್ಡ ಜಗಳ ಕೊರಟಗೆರೆಯಲ್ಲಿ ಇಟ್ಟ ಮೂರನೆಯ ಪೆಟ್ಟಿಗೆಯದು. ಅದು ಚಿಕ್ಕ ಯಂತ್ರ, ದತ್ತಾಂಶ ಇಟ್ಟುಕೊಳ್ಳುವುದಿಲ್ಲ. ಮಧುಗಿರಿ ಮತ್ತು ಶಿರಾದ ನಡುವೆ ಲೈನ್ ಕಡಿದರೆ ಎರಡೂ ತಾನೇ ಮುಖ್ಯ ಎಂದುಕೊಳ್ಳಬಾರದಲ್ಲ. ಆಗ ಯಾರು ಮುಂದುವರಿಯಬೇಕು ಎಂಬುದಕ್ಕೆ ಮತ ಹಾಕುವುದಷ್ಟೇ ಇದರ ಕೆಲಸ. ನಾನು ಇದು ದಂಡ ಎಂದು ಅಧ್ಯಕ್ಷರ ಮುಂದೆಯೇ ವಾದಿಸಿದೆ. ಇಂಗ್ಲಿಷಿನಲ್ಲಿ ವಾದಿಸಿದೆ. ಅಧ್ಯಕ್ಷರು ನನ್ನ ಕಡೆ ತಲೆದೂಗಿದರು. ಮೇಡಂ ಅದನ್ನೆಲ್ಲ ಕೇಳಿ, ಮರುವಾರ ತಾವೇ ಹೋಗಿ ಕೊರಟಗೆರೆಯ ಔಷಧಿ ಕೋಣೆಯಲ್ಲಿ ಪೆಟ್ಟಿಗೆ ಕೂರಿಸಿ ಬಂದರು.

ಅದು ಬೇಕಾದದ್ದು ಒಂದು ಬೇಸಿಗೆಯ ಬೆಳಗ್ಗೆ. ಮಧುಗಿರಿಯಲ್ಲಿ ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ನಮ್ಮ ಕಟ್ಟಡಕ್ಕೆ ಬರುವ ಕೇಬಲ್ಲನ್ನು ಮಣ್ಣಿನ ಸಮೇತ ಎತ್ತಿ ಲಾರಿಗೆ ಹಾಕಿತು. ಮಧುಗಿರಿ ಕೇಂದ್ರ ಹೊರಗಿನ ಲೋಕಕ್ಕೆ ಇಲ್ಲವಾಯಿತು. ನಾನು ಅಂದು ಪಾವಗಡದಲ್ಲಿದ್ದೆ. ಪರದೆಗಳು ನಿಂತವು. ನಾನು ಫೋನಿಗೆ ಕೈ ಹಾಕಿದೆ. ಒಂದೆರಡು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಪರದೆಗಳು ಮತ್ತೆ ಓಡಿದವು. ಕೊರಟಗೆರೆಯ ಪೆಟ್ಟಿಗೆ ಶಿರಾಕ್ಕೆ ಮತ ಹಾಕಿತ್ತು, ಶಿರಾ ಮುಖ್ಯವಾಗಿತ್ತು, ನಮ್ಮ ವಿಳಾಸದ ಸಾಲು ಮಧುಗಿರಿಯನ್ನು ಬಿಟ್ಟು ಅಲ್ಲಿಗೆ ಹೋಗಿತ್ತು.

ಅದೇ ಹೊತ್ತಿಗೆ ಕ್ಯಾತಗಾನಚೆರ್ಲುವಿನಿಂದ ಒಬ್ಬನನ್ನು ಆಟೋದಲ್ಲಿ ಪಾವಗಡದ ಕೇಂದ್ರಕ್ಕೆ ಕರೆತಂದರು. ಮಧುಗಿರಿಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವನು, ಒಂದು ಸಲ ತಪ್ಪಿಸಿ ಉಸಿರು ಕಟ್ಟಿಕೊಂಡು ಬಂದಿದ್ದ. ಜೊತೆಗಿದ್ದ ಅಣ್ಣನಿಗೆ ಏನೂ ಗೊತ್ತಿಲ್ಲ. "ಏದೋ ಒಕಟಿ ಚೇಯಂಡಿ ಸಾರ್, ಬೇಗ ಮಾಡಿ" ಎಂದು, ಏನಾದರೊಂದು ಮಾಡಿ ಎಂದು ಬೇಡುತ್ತಿದ್ದ. ಖಾಲಿಯಿದ್ದ ಯಂತ್ರಕ್ಕೆ ಅವನನ್ನು ಜೋಡಿಸಲು ನರ್ಸ್ ಸಿದ್ಧಳಾಗಿದ್ದಳು. ಹೆಸರು ಹಾಕಿದಾಗ ಅವನ ವಿವರ ಶಿರಾದಿಂದ ಬಂತು, ಮೇಲೆ ಹಳದಿ ಪಟ್ಟಿ. ಯಕೃತ್ತಿನ ಸೋಂಕು ಇರುವವನು. ಸೋಂಕು ಮುಂದಿನವರಿಗೆ ಹರಡದಂತೆ ಅವನನ್ನು ಬೇರೆ ಯಂತ್ರಕ್ಕೇ ಹಾಕಬೇಕು. ಅವನನ್ನು ಒಳಗಿನ ಕೋಣೆಗೆ ಕರೆದೊಯ್ದರು. ಖಾಲಿ ಯಂತ್ರಕ್ಕೆ ಮುಂದಿನ ಸರದಿಯ ಒಬ್ಬ ಶಾಲಾ ಶಿಕ್ಷಕಿ ಬಂದು ಕೂತರು. ಅವರಿಗೆ ಏನೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ. ಆ ಪೆಟ್ಟಿಗೆಯ ವಿರುದ್ಧ ಆಡಿದ ಇಂಗ್ಲಿಷ್ ವಾಕ್ಯಗಳು ಒಂದೊಂದಾಗಿ ನೆನಪಾದವು. ವ್ಯಾಕರಣವೂ ಸರಿ ಇರಲಿಲ್ಲ.

ಮಧುಗಿರಿಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಒಂಟಿಯಾದ ಅಲ್ಲಿನ ಸರ್ವರ್, ಯಾರ ಮತವೂ ಇಲ್ಲದೆ, ಬರೆದುಕೊಳ್ಳುವುದನ್ನು ನಿಲ್ಲಿಸಿತ್ತು. ಅಧ್ಯಕ್ಷರಿಗೆ ಅವಮಾನವಾಯಿತು. "ಲೈಟ್ ಉರೀತಾ ಐತೆ, ಮಿಷಿನ್ನು ನಮ್ಮ ಕಣ್ಮುಂದೆ ಐತೆ, ಬರ್ಕೊಳಲ್ಲ ಅಂದ್ರೆ ಏನಮ್ಮ? ಹೆಡ್ ಆಫೀಸು ಇದು" ಎಂದರಂತೆ.

"ಇದೂ ಬರ್ಕಂಡು, ಶಿರಾದ್ದೂ ಬರ್ಕಂಡ್ರೆ ಸಾಯಂಕಾಲ ಯಾವುದು ನಿಜ ಅಂತ ಯಾರು ಹೇಳ್ತಾರೆ ಸಾರ್? ನೀವು ಹೇಳ್ತೀರಾ?" ಎಂದು ಕೇಳಿ, ಮೇಡಂ ಒಂದು ರೀಮ್ ಬಿಳಿ ಹಾಳೆ ತೆಗೆದುಕೊಂಡು ರೋಗಿಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತರಂತೆ. ಲೈನ್ ಬರುವವರೆಗೂ ಪ್ರತಿಯೊಬ್ಬರ ರಕ್ತದೊತ್ತಡವನ್ನು ಕೈಯಲ್ಲಿ ಬರೆದರಂತೆ. ಮಧ್ಯಾಹ್ನ ಲೈನ್ ಸರಿಹೋದ ಕೂಡಲೇ ನಾನು ಫೋನ್ ಮಾಡಿದೆ. "ಮೇಡಂ, ಮಧುಗಿರಿಗೆ ವಾಪಸ್ ತಿರುಗಿಸಲಾ?"

"ಯಾಕೆ? ಶಿರಾದೋರು ಚೆನ್ನಾಗಿ ನಡೆಸ್ತಾ ಅವ್ರಲ್ಲ."

"ಅಧ್ಯಕ್ಷರು..."

"ಅಧ್ಯಕ್ಷರು ಸೂಜಿ ಹಾಕ್ಕಂಡು ಕೂತಿಲ್ಲ. ಕೂತೋರೆಲ್ಲ ಎದ್ದು ಮನೆಗೋಗ್ಲಿ. ಆಮೇಲೆ ನೋಡನ."

ಇದಾಗಿ ಕೆಲವು ತಿಂಗಳಿಗೆ ಅವರ ಬಿಳಿ ಶೂಗಳ ಅರ್ಥ ನನಗಾಯಿತು. ನಾನು ಆ ಶೂಗಳನ್ನು ನೋಡಿ, "ಮೇಡಂ, ಈ ಸಲ ಮ್ಯಾರಥಾನಾ?" ಎಂದೆಲ್ಲ ತಮಾಷೆ ಮಾಡುತ್ತಿದ್ದೆ. ಅವರೂ "ಹೂಂ, ಪಾವಗಡದವರೆಗೂ" ಎನ್ನುತ್ತಿದ್ದರು. ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲವಂತೆ. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ದಿನವೂ ಮೂತ್ರಪಿಂಡದ ರೋಗಿಗಳ ನಡುವೆ ಓಡಾಡುವ ಆರ್ಕಿಟೆಕ್ಟಿಗೆ ಪಕ್ಕದ ಮೇಜಿನವರ ಕಾಲು ಕಾಣಿಸಿರಲಿಲ್ಲ. ಒಂದು ಸೋಮವಾರ ಮಧುಗಿರಿಯ ಕೇಂದ್ರದಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವರು ರೋಗಿಯಾಗಿ ಕೂತರು. ತಮ್ಮ ಹೆಸರನ್ನು ತಾವೇ ನೋಂದಾಯಿಸಿ, "ನೋಡು, ಒಂದೇ ಸಲ ಬಂತು. ಮೂರು ಜನ ಆಗ್ಲಿಲ್ಲ" ಎಂದು ನನಗೆ ತೋರಿಸಿದರು. ನನಗೆ ನಗಲಾಗಲಿಲ್ಲ. ಅವರೇ ನಕ್ಕು ಮುಗಿಸಿದರು.

ಆ ತಿಂಗಳು ನಾನು ಕೇಬಲ್ ಎಳೆಯಲಿಲ್ಲ. ಮುಂದಿನ ತಿಂಗಳೂ ಏನೋ ನೆಪ ಹೇಳಿದೆ. ಒಂದು ಬೆಳಗ್ಗೆ ಕುರ್ಚಿಯಿಂದಲೇ ಕರೆದರು. ಎರಡು ಕೊಳವೆಗಳಲ್ಲಿ ಅವರ ರಕ್ತ ಹೋಗಿ ಬರುತ್ತಿತ್ತು.

"ಡ್ರಿಲ್ ಯಾಕೆ ಮಾಡಿಲ್ಲ?"

"ಲೋಡ್ ಜಾಸ್ತಿ ಇತ್ತು ಮೇಡಂ. ಮುಂದಿನ ವಾರ..."

"ನಾನು ಕೂತಿದೀನಿ ಅಂತ ತಾನೆ?"

ನಾನು ಪಕ್ಕದ ಪರದೆಯ ಧೂಳು ಒರೆಸತೊಡಗಿದೆ.

"ಅಲ್ಲಪ್ಪ, ಹನುಮಂತರಾಯಪ್ಪ ಕೂತಿದ್ದಾಗ ಆರಾಮಾಗಿ ಎಳೀತಿದ್ದೆಯಲ್ಲ. ಅವರ ಮೈಯಲ್ಲಿ ಏನು ಟೀ ಹರೀತಿತ್ತಾ? ಹೋಗು."

ಡಯಾಲಿಸಿಸ್ ಯಂತ್ರಕ್ಕೂ ನಮ್ಮ ಸರ್ವರಿಗೂ ಸಂಬಂಧವಿಲ್ಲ, ಸರ್ವರ್ ಸುಟ್ಟುಹೋದರೂ ಯಂತ್ರ ತಿರುಗುತ್ತಲೇ ಇರುತ್ತದೆ ಎಂದು ಎಷ್ಟು ಜನ ರೋಗಿಗಳಿಗೆ ನಾನೇ ಧೈರ್ಯ ಹೇಳಿದ್ದೆ. ಅದೇ ವಿವರಣೆಯನ್ನು ಈಗ ನನಗೆ ನಾನೇ ಹೇಳಿಕೊಂಡೆ. ನಂಬಿಕೆ ಬರಲಿಲ್ಲ, ಹೇಳುತ್ತಿದ್ದವನು ಎಂಥವನೆಂದು ನನಗೆ ಗೊತ್ತಿತ್ತಲ್ಲ. ಸರ್ವರ್ ಕೋಣೆಗೆ ಹೋಗಿ ಕೇಬಲ್ ಹಿಡಿದೆ. ಕೋಣೆಯ ಬಾಗಿಲಿನ ಗಾಜಿನಾಚೆ ಅವರು ಕಾಣುತ್ತಿದ್ದರು. ಸೂಜಿಯಿಲ್ಲದ ಕೈಯನ್ನು ಎತ್ತಿ, ಮಣಿಕಟ್ಟಿನ ಗಡಿಯಾರವನ್ನು ಕಣ್ಣಿನ ಹತ್ತಿರ ತಂದು, ಎಳಿ ಎಂಬಂತೆ ತಲೆಯಾಡಿಸಿದರು.

ಎಳೆದೆ. ಅವರ ಪಕ್ಕದ ಪರದೆ ನಿಂತಿತು. ಕೇಬಲ್ಲನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನಿಂತೆ. ಪರದೆ ಮತ್ತೆ ಬಂತು, ಶಿರಾದಿಂದ. ಆಗ ನೋಡಿದರೆ ಮೇಡಂ ಪರದೆಯನ್ನೂ ನೋಡುತ್ತಿರಲಿಲ್ಲ, ಗಡಿಯಾರವನ್ನೂ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಹೊಟ್ಟೆ ಕುಲುಕುವಷ್ಟು ನಗು.

ಹತ್ತಿರ ಹೋದಾಗ ಹೇಳಿದರು: "ನನ್ನ ಪ್ರಾಣ ಆ ಕೇಬಲ್‌ನಲ್ಲಿ ಇಟ್ಟಿದೀಯಾ ನೀನು? ಹಂಗೆಲ್ಲ ಒಂದೇ ಕಡೆ ಇಡಲ್ಲ ಕಣಪ್ಪ ನಾನು." ನಗು ನಿಂತ ಮೇಲೆ, "ಹೆದರ್ಕೊಂಡೇ ಎಳೀಬೇಕು. ಹೆದರಿಕೆ ಹೋದ ದಿನ ಬೇರೆಯೋರಿಗೆ ಕೊಟ್ಬುಡು ಆ ಕೆಲಸ" ಎಂದರು.

ಎಡಗೈಗೆ ಸೂಜಿ ಹಾಕಿಸಿಕೊಂಡು ಬಲಗೈಯಲ್ಲಿ ಟೈಪ್ ಮಾಡುತ್ತ ಇನ್ನೂ ಬಹಳ ಕಾಲ ಅವರು ಕೆಲಸ ಮಾಡಿದರು. ಶಿರಾದ ಟೆಕ್ನಿಷಿಯನ್ ನಯಾಜ್ ಫೋನಿನಲ್ಲಿ, "ಮೇಡಂ, ತಬಿಯತ್ ಹೆಂಗೈತೆ?" ಎಂದು ಕೇಳಿದರೆ, "ನಂದಾ, ಸರ್ವರ್‌ದಾ?" ಎಂದು ಕೇಳುತ್ತಿದ್ದರು. ಒಂದು ಭಾನುವಾರ ಮನೆಯಲ್ಲೇ ಹೃದಯ ನಿಂತಿತು. ಹುಟ್ಟೂರು ಹೊಸಕೋಟೆಗೆ ಒಯ್ದರು. ಕಡಲೇಕಾಯಿ ಹೊಲದ ಪಕ್ಕ ಅವರ ತಂದೆಯನ್ನು ಇಟ್ಟ ಕಡೆಯೇ ಇವರನ್ನೂ ಇಟ್ಟರು. ನಾನು ಮಣ್ಣು ಹಾಕಿ ಬಂದೆ.

ಶ್ರದ್ಧಾಂಜಲಿ ಸಭೆಯಾದ ಮರುವಾರ ಕಿಟಕಿ ಪಕ್ಕದ ಕುರ್ಚಿ, ಕಾಯುತ್ತಿದ್ದವರಲ್ಲಿ ಮೊದಲಿದ್ದ ರಂಗಮ್ಮ ಎಂಬುವರಿಗೆ ಹೋಯಿತು. ಮಿಡಿಗೇಶಿ ಕಡೆಯವರು. ಇಷ್ಟು ದಿನ ತುಮಕೂರಿಗೆ ಅಲೆಯುತ್ತಿದ್ದರಂತೆ. ಮಾತುಗಾತಿ. ನಾನು ಪಕ್ಕದ ಪರದೆಯಲ್ಲಿ ಏನೋ ನೋಡುತ್ತಿದ್ದಾಗ ಕೇಳಿದರು.

"ಈ ಕುರ್ಚೀಲಿ ಮುಂಚೆ ಯಾರ್ ಕುಂತ್ಕತಿದ್ರು ಸಾರ್?"

"ನಮ್ಮ ಮೇಡಂ."

"ಡಾಕ್ಟ್ರಾ?"

"ಅಲ್ಲ, ಕಂಪ್ಯೂಟರ್ ನೋಡ್ಕಂತಿದ್ರು."

"ಅದ್ರಾಗೇನ್ ನೋಡಾದು?"

ಸ್ಟೂಲ್ ಎಳೆದುಕೊಂಡು ಕೂತೆ. ಮಧುಗಿರಿಯಲ್ಲೊಂದು ಸರ್ವರ್, ಶಿರಾದಲ್ಲೊಂದು, ಇಲ್ಲಿಯದು ನಿಂತರೆ ನಿಮ್ಮ ವಿವರ ಅಲ್ಲಿಂದ ಬರುತ್ತದೆ ಎಂದು ಶುರುಮಾಡಿದೆ. ರಂಗಮ್ಮ ಹೂಂ ಎಂದರು. ಎಷ್ಟು ಹೊತ್ತು ಕಾಯಬೇಕೆಂದು ಮೇಡಂ ಬರೆಸಿದ್ದನ್ನು ಹೇಳಿದೆ. ಹೂಂ ಎಂದರು. ಕೊರಟಗೆರೆಯ ಪೆಟ್ಟಿಗೆಗೆ ಬರುವಷ್ಟರಲ್ಲಿ ಹೂಂ ನಿಂತಿತು. ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದರು. ಎರಡು ಕೊಳವೆಗಳಲ್ಲಿ ಅವರ ರಕ್ತ ಹೋಗಿ ಬರುತ್ತಿತ್ತು. ನರ್ಸ್ ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದಳು.

ಸದ್ದಾಗದಂತೆ ಸ್ಟೂಲ್ ಎತ್ತಿಟ್ಟು ಹೊರಗೆ ಬಂದೆ. ಕಾರಿಡಾರಿನಲ್ಲಿ ಅಳು ಬಂತು. ತಡೆಯುವ ಪ್ರಯತ್ನ ಮಾಡಿದೆ, ಅದೂ ನನ್ನ ಕೈಯಲ್ಲಿ ಸರಿಯಾಗಿ ಆಗಲಿಲ್ಲ. ಹೊಸದಾಗಿ ಸೇರಿದ್ದ ವಾಚ್‌ಮನ್ ಹತ್ತಿರ ಬಂದು, ಮೆಲ್ಲಗೆ, "ಯಾರ ಕಡೆಯೋರು ಸಾರ್ ನೀವು?" ಎಂದು ಕೇಳಿದ.

"ಮೇಡಂ ಕಡೆಯವನು" ಎಂದೆ.

ಅವನು ಮತ್ತೇನೂ ಕೇಳದೆ, ರೋಗಿಗಳ ಕಡೆಯವರು ಕೂರುವ ಬೆಂಚನ್ನು ತೋರಿಸಿ, ನೀರು ತರಲು ಹೋದ.